ಬೆಂಗಳೂರಿನ ಖಗೋಳ ಬಳಗದಲ್ಲಿ ಪಿಎಚ್‌ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಲು ಹೊರಟ ಹುಡುಗ ಹುಡುಗಿಯರು ಮೊದಲು ಕೇಳುವುದು ಪ್ರವೇಶ ಪರೀಕ್ಷೆ ಬಗ್ಗೆ. ಸೀಟು ಸಿಕ್ಕ ಮೇಲೆ ಕೇಳುವ ಪ್ರಶ್ನೆಗಳೇ ಬೇರೆ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಂತೆ, ಹೌದಾ? ನಾನು ಹೊರಗಿನವನ ಹಾಗೆ ಉಳಿದುಬಿಟ್ಟರೆ? ಗೈಡ್ ಜೊತೆ ಹೊಂದಿಕೆ ಆಗದಿದ್ದರೆ? ಈ ಬಳಗದಲ್ಲಿ ಇದ್ದು ಪಿಎಚ್‌ಡಿ ಮುಗಿಸಿದವನಾಗಿ ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ಸಂಸ್ಥೆಗಳ ನಿಯಮ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುಂಚೆ ಆಯಾ ಸಂಸ್ಥೆಯ ಪ್ರಕಟಣೆ ಓದಿಕೊಳ್ಳಿ.

ಬೆಂಗಳೂರಿನ ಖಗೋಳ ಬಳಗ ಅಂದರೆ ಯಾರು ಯಾರು?

ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಅಂದರೆ ಐಐಎ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಆರ್‌ಆರ್‌ಐ. ಅದರ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಐಐಎಸ್ಸಿ. ಹೆಸರಘಟ್ಟದ ಕಡೆ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ, ಐಸಿಟಿಎಸ್. ಇದರ ಜೊತೆಗೆ ಇಸ್ರೋದಲ್ಲಿ ಬಾಹ್ಯಾಕಾಶ ದೂರದರ್ಶಕಗಳ ಮೇಲೆ ಕೆಲಸ ಮಾಡುವವರು. ಊರಾಚೆ ನೋಡಿದರೆ ಪುಣೆಯಲ್ಲಿ ಐಯುಕಾ ಮತ್ತು ಎನ್‌ಸಿಆರ್‌ಎ, ಮುಂಬೈಯಲ್ಲಿ ಟಿಐಎಫ್‌ಆರ್, ಅಹಮದಾಬಾದ್‌ನಲ್ಲಿ ಪಿಆರ್‌ಎಲ್, ನೈನಿತಾಲ್‌ನಲ್ಲಿ ಏರೀಸ್. ಇನ್ನೂ ಕೆಲವು ಐಐಟಿ, ಐಸರ್, ವಿಶ್ವವಿದ್ಯಾಲಯಗಳಿವೆ. ಆದರೂ ಒಂದೇ ವಿಷಯದ ಮೇಲೆ ಕೆಲಸ ಮಾಡುವವರನ್ನು ಎಣಿಸಲು ಕೂತರೆ ಪಟ್ಟಿ ಬೇಗ ಮುಗಿಯುತ್ತದೆ. ಪಲ್ಸಾರ್, ಅಂದರೆ ವೇಗವಾಗಿ ತಿರುಗುತ್ತ ರೇಡಿಯೋ ಮಿಡಿತ ಕಳಿಸುವ ನಕ್ಷತ್ರಗಳ ಮೇಲೆ ಕೆಲಸ ಮಾಡುವವರಿಗೆ ದೇಶದ ಬೇರೆ ಪಲ್ಸಾರ್‌ನವರೆಲ್ಲ ಹೆಚ್ಚು ಕಡಿಮೆ ಮುಖ ಪರಿಚಯ.

ಇದು ಇಷ್ಟು ಒತ್ತೊತ್ತಾಗಿ ಬೆಳೆದಿದ್ದು ಹೇಗೆ?

ಶುರು ಮಾಡಿದವರೇ ಕೆಲವರು, ಅದಕ್ಕೆ. ಐಐಎಯ ಬೇರು 18ನೇ ಶತಮಾನದ ಮದರಾಸು ವೀಕ್ಷಣಾಲಯದವರೆಗೆ ಹೋಗುತ್ತದೆ. ಆದರೆ ಇವತ್ತಿನ ರೂಪ ಬಂದಿದ್ದು 1971ರಲ್ಲಿ, ಖಗೋಳ ವಿಜ್ಞಾನಿ ವೈನು ಬಾಪ್ಪು ಅವರ ಕಾಲದಲ್ಲಿ. ಆರ್‌ಆರ್‌ಐ ಕಟ್ಟಿದ ಸಿ. ವಿ. ರಾಮನ್ 1970ರಲ್ಲಿ ತೀರಿಕೊಂಡರು. ಆಮೇಲೆ ವಿ. ರಾಧಾಕೃಷ್ಣನ್ ಆರ್‌ಆರ್‌ಐಗೆ ಬಂದು ರೇಡಿಯೋ ಖಗೋಳದ ಗುಂಪು ಕಟ್ಟಿದರು. 1982ರಲ್ಲಿ ಐಐಎಸ್ಸಿಯಲ್ಲಿ ಜಂಟಿ ಖಗೋಳ ಕಾರ್ಯಕ್ರಮ ಶುರುವಾಯಿತು. ಅದನ್ನು ಎಲ್ಲರೂ ಜೆಎಪಿ ಅನ್ನುತ್ತಾರೆ. ಪಾಠ ಒಂದು ಕಡೆ, ಸಂಶೋಧನೆ ಬೇರೆ ಬೇರೆ ಸಂಸ್ಥೆಗಳಲ್ಲಿ. ಅಲ್ಲಿ ಒಂದೇ ಕೋಣೆಯಲ್ಲಿ ಕೂತು ಪ್ರಾಬ್ಲಮ್ ಶೀಟ್ ಬಿಡಿಸಿದವರಲ್ಲಿ ಹಲವರು ಇವತ್ತು ಪ್ರೊಫೆಸರ್‌ಗಳು. ನಿಮ್ಮ ಗೈಡ್ ಮತ್ತು ನಿಮ್ಮ ಥೀಸಿಸ್ ಪರೀಕ್ಷಕರು ಹಳೆಯ ಬ್ಯಾಚ್‌ಮೇಟ್‌ಗಳಾಗಿದ್ದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಒಳಗೆ ಬರುವ ದಾರಿ ಯಾವುದು?

ಜೆಸ್ಟ್, ನೆಟ್ ಅಥವಾ ಗೇಟ್ ಎಂಬ ಪರೀಕ್ಷೆಗಳಲ್ಲೊಂದು, ಆಮೇಲೆ ಸಂದರ್ಶನ. ಬಿಎಸ್ಸಿ ಓದುತ್ತಿರುವವರು ಬೆಂಗಳೂರಿನಲ್ಲಿದ್ದರೆ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಸಂಶೋಧನೆಗೆ ಅಣಿಗೊಳಿಸುವ ರೀಪ್ ತರಗತಿಗಳನ್ನು ವಿಚಾರಿಸಿ. ಆ ತಾರಾಲಯ ಕಟ್ಟಿ ನಿಲ್ಲಿಸಿದವರು ನಮ್ಮವರೇ ಆದ ಸಿ. ವಿ. ವಿಶ್ವೇಶ್ವರ. ಕಪ್ಪು ಕುಳಿಯನ್ನು ಅಲುಗಿಸಿದರೆ ಅದು ಹೇಗೆ ಅನುರಣಿಸುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ಪಿಎಚ್‌ಡಿಗೆ ಬರುವ ಎಷ್ಟೋ ಬೆಂಗಳೂರು ಹುಡುಗರಿಗೆ ಈ ಬಳಗದ ಮೊದಲ ಪರಿಚಯ ಆಗಿರುವುದು ರೀಪ್ ತರಗತಿಗಳಲ್ಲೇ.

ಪ್ರೊಫೆಸರ್‌ಗಳನ್ನು ಸರ್, ಮೇಡಂ ಅನ್ನಬೇಕಾ? ಹೆಸರು ಹಿಡಿದು ಕರೆಯಬೇಕಾ?

ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆರ್‌ಆರ್‌ಐನಲ್ಲಿ ನಿರ್ದೇಶಕರಾಗಿದ್ದ ರಾಧಾಕೃಷ್ಣನ್ ಎಲ್ಲರಿಗೂ ಬರೀ 'ರ್‍ಯಾಡ್' ಆಗಿದ್ದರು. ಸಂಸ್ಥೆಯ ಆವರಣದಲ್ಲೇ ಹ್ಯಾಂಗ್ ಗ್ಲೈಡರ್, ಹಾಯಿದೋಣಿ ಕಟ್ಟಿದ ಮನುಷ್ಯ. ಅಂಥವರನ್ನು ಸರ್ ಅನ್ನಲು ಬಾಯಿ ಬರುವುದೂ ಕಷ್ಟ ಅಲ್ವಾ? ಬೇರೆ ಕಡೆ ಸರ್, ಮೇಡಂ ಸಾಮಾನ್ಯ. ಸೀನಿಯರ್‌ಗಳು ಹೇಗೆ ಕರೆಯುತ್ತಾರೋ ಹಾಗೆ ಕರೆಯಿರಿ. ನಮ್ಮ ಕಡೆಯ ಮಕ್ಕಳಿಗೆ ದೊಡ್ಡವರ ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ. ಬಲವಂತ ಮಾಡಿಕೊಳ್ಳಬೇಡಿ.

ಆದರೆ ಒಂದು ಮಾತು. ಹೆಸರು ಹಿಡಿದು ಕರೆಯುವ ಕಡೆ ಮೇಲು ಕೆಳಗು ಇಲ್ಲ ಅಂದುಕೊಂಡರೆ ತಪ್ಪು. ನಿಮ್ಮ ಶಿಫಾರಸು ಪತ್ರ ಬರೆಯುವವರು ಅವರೇ. ಅದು ಮರೆಯದಿರಲಿ.

ಮಧ್ಯಾಹ್ನದ ಟೀಗೆ ಹೋಗಲೇಬೇಕಾ? ನನಗೆ ಕೆಲಸ ಇರುತ್ತೆ.

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು.

ಹೊಸಬರು ಟೀ ಹೊತ್ತನ್ನು ಬಿಡುವು ಅಂತ ತಿಳಿಯುತ್ತಾರೆ. ನನ್ನ ಪ್ರಕಾರ ಅದು ಕೆಲಸದ ಹೊತ್ತು. ಖಗೋಳ ವಿಜ್ಞಾನದ ಹೊಸ ಸಂಶೋಧನಾ ಪೇಪರ್‌ಗಳು ಹೆಚ್ಚಿನವು ಆರ್‌ಕೈವ್ ಎಂಬ ತಾಣದಲ್ಲಿ ಬರುತ್ತವೆ. ಅಮೆರಿಕದಲ್ಲಿ ರಾತ್ರಿ ಎಂಟಕ್ಕೆ ಪಟ್ಟಿ ಹೊರಬೀಳುತ್ತದೆ, ನಮಗೆ ಅದು ಬೆಳಗಿನ ಜಾವ. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬೆಳಗ್ಗೆ ಹೊಸ ಪಟ್ಟಿ. ಎಲ್ಲವನ್ನೂ ಓದಲು ಯಾರಿಗೂ ಆಗುವುದಿಲ್ಲ. ಟೀ ಹೊತ್ತಿಗೆ ಯಾರೋ ಒಬ್ಬರು 'ಇವತ್ತು ಆ ಪೇಪರ್ ನೋಡಿದಿರಾ, ಆ ಎರರ್ ಬಾರ್ ನಂಬೋ ಹಾಗಿದೆಯಾ' ಅನ್ನುತ್ತಾರೆ. ಇನ್ನೊಬ್ಬರು ಬೈಯುತ್ತಾರೆ. ಅಷ್ಟರಲ್ಲಿ ಆ ಪೇಪರ್‌ನ ಬಲ ಎಲ್ಲಿದೆ, ಹುಳುಕು ಎಲ್ಲಿದೆ ಅಂತ ನಿಮಗೆ ಗೊತ್ತಾಗಿರುತ್ತದೆ. ಪೇಪರ್ ಓದುವುದು ಹೇಗೆ ಅಂತ ಕೋರ್ಸ್‌ವರ್ಕ್‌ನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಕಲಿಯುವುದು ಇಲ್ಲಿಯೇ.

ಎರಡನೆಯದು, ಸಹಾಯ. ನಿಮ್ಮ ಕೋಡ್ ಓಡುತ್ತಿಲ್ಲ ಅಂತ ಮೇಲ್ ಬರೆದರೆ ಉತ್ತರ ಬರಲು ವಾರ ಹಿಡಿಯಬಹುದು. ಲೋಟ ಹಿಡಿದು ನಿಂತಾಗ ಹೇಳಿದರೆ 'ಬಾ ನೋಡೋಣ' ಅಂತ ಯಾರಾದರೂ ಎದ್ದು ಬರುತ್ತಾರೆ. ಇದು ನಾಚಿಕೆಯ ವಿಷಯ ಅಲ್ಲ, ಎಲ್ಲರೂ ಹೀಗೇ ಕಲಿತವರು.

ಮೊದಲ ತಿಂಗಳುಗಳಲ್ಲಿ ಅಲ್ಲಿ ಆಡುವ ಮಾತು ಅರ್ಥ ಆಗುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳಿ. ಆಡುವ ಮಾತಿನಲ್ಲಿ ಅರ್ಧ ವಿಜ್ಞಾನ, ಇನ್ನರ್ಧ ಕ್ರಿಕೆಟ್, ರಾಜಕೀಯ, ಸಿಲ್ಕ್ ಬೋರ್ಡ್ ಟ್ರಾಫಿಕ್. ದಿನಾ ಹೋಗಬೇಕಿಲ್ಲ, ಆದರೆ ಹೋಗುವುದು ರೂಢಿಯಾಗಲಿ. ಹಬ್ಬಕ್ಕೆ ಬರುವ ನೆಂಟರ ಹಾಗೆ ಅಪರೂಪಕ್ಕೆ ಬಂದರೆ ಮಾತು ನಿಮ್ಮ ಸುತ್ತ ಕಟ್ಟಿಕೊಳ್ಳುವುದಿಲ್ಲ.

ನಾನು ಜಾಸ್ತಿ ಮಾತಾಡುವವಳಲ್ಲ. ನನಗೆ ಜಾಗ ಇದೆಯಾ?

ಇದೆ. ಈ ಬಳಗ ಮಾತುಗಾರರನ್ನು ನೋಡಿ ನಗುತ್ತದೆ, ಕೆಲಸಕ್ಕೆ ಬರುವವರನ್ನು ಹಚ್ಚಿಕೊಳ್ಳುತ್ತದೆ. ಬೇರೆಯವರ ಕೆಲಸಕ್ಕೆ ನೀವು ಎಷ್ಟು ಒದಗುತ್ತೀರಿ ಅನ್ನುವುದೇ ಇಲ್ಲಿ ಒಳಗಿನವರಾಗುವ ದಾರಿ ಅಂತ ನಾನು ನೋಡಿಕೊಂಡು ಬಂದಿದ್ದೇನೆ. ಸೀನಿಯರ್ ಒಬ್ಬರ ಥೀಸಿಸ್ ಅಧ್ಯಾಯ ಓದಿ ತಪ್ಪು ಹುಡುಕಿಕೊಡುವುದು. ಡಿಫೆನ್ಸ್, ಅಂದರೆ ಥೀಸಿಸ್‌ನ ಮೌಖಿಕ ಪರೀಕ್ಷೆಗೆ ಮುಂಚಿನ ಅಭ್ಯಾಸದ ಟಾಕ್‌ಗೆ ಕೂತು ಎರಡು ಪ್ರಶ್ನೆ ಕೇಳುವುದು. ನೀವು ಬರೆದ ಸ್ಕ್ರಿಪ್ಟ್‌ನ್ನು ಟಿಪ್ಪಣಿ ಸಮೇತ ಕೊಟ್ಟುಬಿಡುವುದು. ಸರದಿ ಪ್ರಕಾರ ಪೇಪರ್ ವಿವರಿಸುವ ಜರ್ನಲ್ ಕ್ಲಬ್‌ನಲ್ಲಿ ಯಾರೂ ಒಪ್ಪಿಕೊಳ್ಳದ ವಾರವನ್ನು ನೀವು ಒಪ್ಪಿಕೊಳ್ಳುವುದು. ಇದಕ್ಕೆಲ್ಲ ಜೋರು ಗಂಟಲು ಬೇಕಾಗಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್‌ನಲ್ಲಿ ಸೆಮಿನಾರ್ ಕೊಡಲು ಕೈ ನಡುಗುತ್ತದೆ.

ಪಕ್ಕದಲ್ಲಿ ಕೂತ ಬಂಗಾಳಿ, ಮಲಯಾಳಿ, ಒಡಿಯಾ ಹುಡುಗರಲ್ಲೂ ಹಲವರಿಗೆ ಹೀಗೇ ಆಗುತ್ತಿರುತ್ತದೆ. ಅವರು ಹೇಳಿಕೊಳ್ಳುವುದಿಲ್ಲ ಅಷ್ಟೇ. ಇಲ್ಲಿ ನಡೆಯುವುದು ಸಣ್ಣ ವಾಕ್ಯಗಳ ಇಂಗ್ಲಿಷ್. ನಿಮ್ಮ ಗ್ರಾಫ್‌ನ ಎಕ್ಸ್ ಅಕ್ಷ ಏನು, ವೈ ಅಕ್ಷ ಏನು, ಚುಕ್ಕೆಗಳು ಏನು ಹೇಳುತ್ತಿವೆ. ಇಷ್ಟನ್ನು ನಿಧಾನವಾಗಿ ಹೇಳಿದರೆ ಯಾರೂ ವ್ಯಾಕರಣ ನೋಡುವುದಿಲ್ಲ. ಮೊದಲ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಉಸಿರು ಹಿಡಿದುಕೊಳ್ಳುವುದು ಶುರುವಿನಲ್ಲಿ ಮಾತ್ರ.

ಕಷ್ಟ ಇರುವುದು ಪ್ರಶ್ನೆಗಳಲ್ಲಿ. ವೇಗವಾಗಿ ಕೇಳಿದ ಪ್ರಶ್ನೆ ತಿಳಿಯದಿದ್ದರೆ 'ಇನ್ನೊಂದು ಸಲ ಹೇಳ್ತೀರಾ' ಅನ್ನಿ. ತಿಳಿದ ಹಾಗೆ ನಟಿಸಿ ಬೇರೆ ಏನೋ ಉತ್ತರ ಕೊಟ್ಟರೆ ಆಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಇನ್ನೊಂದು. ಬೆಂಗಳೂರಿನ ಸಂಸ್ಥೆಗಳಲ್ಲಿ ಕನ್ನಡ ಇಲ್ಲ ಅಂದುಕೊಳ್ಳಬೇಡಿ. ವರ್ಕ್‌ಶಾಪಿನಲ್ಲಿ, ಲೈಬ್ರರಿಯಲ್ಲಿ, ಆಡಳಿತ ಕಚೇರಿಯಲ್ಲಿ, ಕ್ಯಾಂಟೀನ್‌ನಲ್ಲಿ ಕನ್ನಡ ಇದೆ. ಲೇತ್ ಮೇಲೆ ನಿಮ್ಮ ಉಪಕರಣದ ಭಾಗ ಕಡೆದುಕೊಡುವವರ ಜೊತೆ ಕನ್ನಡದಲ್ಲಿ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದು ನಿಮಗೆ ಸಲೀಸು. ದೂರದ ರಾಜ್ಯದಿಂದ ಬಂದ ನಿಮ್ಮ ಬ್ಯಾಚ್‌ಮೇಟ್‌ಗೆ ಆ ಅನುಕೂಲ ಇಲ್ಲ. ಅವರ ಪರವಾಗಿಯೂ ಒಂದು ಮಾತು ಆಡಿ.

'ನಮ್ಮ ಗುಂಪು ಒಂದು ಕುಟುಂಬದ ಹಾಗೆ' ಅಂತ ಗೈಡ್ ಹೇಳಿದರು. ಒಳ್ಳೆಯದಲ್ವಾ?

ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೂ ಈ ಮಾತನ್ನು ನಾನು ನಂಬುವುದಿಲ್ಲ. ಕುಟುಂಬದಲ್ಲಿ ರಜೆ ಕೇಳಲು ಅರ್ಜಿ ಇರುವುದಿಲ್ಲ, ಪೇಪರ್‌ನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಇರುವುದಿಲ್ಲ. ಇಲ್ಲಿ ಎರಡೂ ಇವೆ. ಕುಟುಂಬ ಅಂತ ಒಪ್ಪಿಕೊಂಡುಬಿಟ್ಟರೆ ಲೆಕ್ಕ ಕೇಳುವುದು ಕಷ್ಟ. 'ಮನೆಯವರ ಹತ್ತಿರ ಹೀಗೆಲ್ಲ ಕೇಳ್ತಾರಾ' ಅನ್ನುವ ಭಾವನೆ ನಿಮ್ಮೊಳಗೇ ಹುಟ್ಟುತ್ತದೆ. ಭಾನುವಾರವೂ ಲ್ಯಾಬ್, ಗೈಡ್ ಮನೆಯ ಕೆಲಸಕ್ಕೂ ವಿದ್ಯಾರ್ಥಿ, ಇವೆಲ್ಲ ಶುರುವಾಗುವುದು ಅಲ್ಲಿಂದಲೇ.

ಆತ್ಮೀಯತೆ ಬೇಡ ಅನ್ನುತ್ತಿಲ್ಲ. ಗೈಡ್ ಮನೆಯಲ್ಲಿ ಯುಗಾದಿ ಊಟ ಮಾಡಿ, ಹೋಳಿಗೆ ಎರಡು ಜಾಸ್ತಿಯೇ ಹಾಕಿಸಿಕೊಳ್ಳಿ. ಜೊತೆಗೆ ಕೆಲಸದ ಮಾತನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಭೇಟಿ ಮುಗಿದ ದಿನವೇ 'ಇವತ್ತು ಇಷ್ಟು ತೀರ್ಮಾನ ಆಯಿತು' ಅಂತ ಒಂದು ಮೇಲ್ ಹಾಕಿ. ಪೇಪರ್ ಶುರು ಮಾಡುವಾಗಲೇ ಲೇಖಕರು ಯಾರು, ಯಾವ ಕ್ರಮ ಅಂತ ಕೇಳಿ. ಮುಗಿದ ಮೇಲೆ ಕೇಳಿದರೆ ಎಲ್ಲರಿಗೂ ಮುಜುಗರ.

ಇಲ್ಲಿ ಗುಟ್ಟು ಉಳಿಯುತ್ತಾ?

ಉಳಿಯುವುದಿಲ್ಲ. ಕೋರಮಂಗಲದಲ್ಲಿ ಬೆಳಗ್ಗೆ ಆಡಿದ್ದು ಸಂಜೆಗೆ ಸದಾಶಿವನಗರದಲ್ಲಿ, ವಾರಾಂತ್ಯಕ್ಕೆ ಪುಣೆಯಲ್ಲಿ. ನಿಮ್ಮ ಪೇಪರ್‌ನ ಅನಾಮಧೇಯ ರೆಫರಿ, ಅಂದರೆ ಪ್ರಕಟಣೆಗೆ ಮುಂಚೆ ಅದನ್ನು ಪರಿಶೀಲಿಸಿದವರು, ಯಾರು ಅಂತ ಬರವಣಿಗೆ ಶೈಲಿಯಿಂದಲೇ ಊಹಿಸುವವರಿದ್ದಾರೆ. ಆ ಊಹೆ ನಂಬಿ ಯಾರ ಮೇಲೂ ಮುನಿಸಿಕೊಳ್ಳಬೇಡಿ, ಬಹಳ ಸಲ ಅದು ತಪ್ಪಿರುತ್ತದೆ. ಬೇರೆ ಗುಂಪಿನ ಪೇಪರ್ ಬಗ್ಗೆ ಮಾತಾಡುವಾಗ ಆ ಲೇಖಕರು ಎದುರಿಗೇ ಕೂತಿದ್ದಾರೆ ಅಂದುಕೊಂಡು ಮಾತಾಡಿ. ಎಷ್ಟೋ ಸಲ ನಿಜವಾಗಿಯೂ ಕೂತಿರುತ್ತಾರೆ.

ದೂರದರ್ಶಕದ ಹತ್ತಿರ ರಾತ್ರಿ ಕಳೆಯುವುದು ಹೇಗಿರುತ್ತದೆ?

ನನ್ನನ್ನು ಕೇಳಿದರೆ ಸ್ನೇಹ ಗಟ್ಟಿಯಾಗುವುದು ಅಲ್ಲಿಯೇ.

ಕವಲೂರು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿದೆ. ಅಲ್ಲಿ 2.34 ಮೀಟರ್ ಅಗಲದ ಕನ್ನಡಿಯ ದೂರದರ್ಶಕ 1986ರಿಂದ ಇದೆ, ಅದಕ್ಕೆ ಬಾಪ್ಪು ಅವರದೇ ಹೆಸರು. ಬೆಂಗಳೂರಿನಿಂದ ಹೋದ ವಿದ್ಯಾರ್ಥಿಗಳು ಅಲ್ಲಿ ಹಗಲು ಮಲಗಿ ರಾತ್ರಿ ಎದ್ದಿರುತ್ತಾರೆ. ಮೋಡ ಬಂತು ಅಂದರೆ ಕಾಯುವುದು. ಕಾಯುವಾಗ ಮಾತು. ಅಲ್ಲಿನ ದೂರದರ್ಶಕ ಸಹಾಯಕರಿಗೆ ಆ ಯಂತ್ರದ ನಾಡಿ ಗೊತ್ತು. ಯಾವ ದಿಕ್ಕಿಗೆ ತಿರುಗಿಸಿದರೆ ಹಟ ಮಾಡುತ್ತದೆ, ತೇವ ಎಷ್ಟಾದರೆ ಗುಮ್ಮಟ ಮುಚ್ಚಬೇಕು, ಎಲ್ಲ ಅವರಿಗೆ ಬಾಯಲ್ಲೇ ಇದೆ. ಪೇಪರ್‌ನ ಕೊನೆಯಲ್ಲಿ ಕೃತಜ್ಞತೆ ಬರೆಯುವಾಗ ಅವರನ್ನು ಮರೆಯುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಲಡಾಖ್‌ನ ಹಾನ್ಲೆಯ ಕಥೆ ಬೇರೆ. ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ದೂರದರ್ಶಕ ಇದೆ. ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದು ಅಪರೂಪ. ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿರುವ ಐಐಎಯ ಕ್ರೆಸ್ಟ್ ಕೇಂದ್ರದ ಕೋಣೆಯಲ್ಲಿ ಕೂತು ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತಾರೆ. ಹೊರಗೆ ಹೊಸಕೋಟೆಯಲ್ಲಿ ಮಳೆ ಸುರಿಯುತ್ತಿದ್ದರೂ ಒಳಗೆ ಪರದೆ ಮೇಲೆ ಲಡಾಖ್‌ನ ನಿರ್ಮಲ ಆಕಾಶ. ದೂರದರ್ಶಕದ ಸಮಯಕ್ಕೆ ಮೊದಲೇ ಅರ್ಜಿ ಹಾಕಬೇಕು, ಸಮಿತಿ ಹಂಚುತ್ತದೆ. ನಿಮಗೆ ಸಿಕ್ಕ ರಾತ್ರಿಯೇ ಎಲ್ಲೋ ಸೂಪರ್‌ನೋವಾ ಸಿಡಿಯಿತು ಅಂತಿಟ್ಟುಕೊಳ್ಳಿ. ಆಗ ಬೇರೆ ಗುಂಪಿನವರು ನಿಮ್ಮ ಸಮಯದಲ್ಲಿ ಸ್ವಲ್ಪ ಕೇಳುತ್ತಾರೆ. ಇದಕ್ಕೆ ನಿಯಮ ಇದೆ, ಕೊಡಲೇಬೇಕಾದ ಸಂದರ್ಭಗಳೂ ಇವೆ. ಗೊಣಗದೆ ಕೊಟ್ಟವರ ಹೆಸರು ಬಳಗದಲ್ಲಿ ಉಳಿಯುತ್ತದೆ. ಮುಂದೊಂದು ದಿನ ನಿಮ್ಮ ನಕ್ಷತ್ರಕ್ಕೆ ಹತ್ತು ನಿಮಿಷ ಬೇಕಾದಾಗ ಅದು ಗೊತ್ತಾಗುತ್ತದೆ.

ರೇಡಿಯೋ ಕಡೆಯವರಿಗೆ ಗೌರಿಬಿದನೂರಿನ ರೇಡಿಯೋ ದೂರದರ್ಶಕ, ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ. ಅಲ್ಲಿ ಹಗಲಲ್ಲೂ ಕೆಲಸ ನಡೆಯುತ್ತದೆ. ನಿದ್ದೆಯ ವಿಷಯದಲ್ಲಿ ಅವರೇ ಪುಣ್ಯವಂತರು.

ನನ್ನದು ಥಿಯರಿ. ದೂರದರ್ಶಕವೂ ಇಲ್ಲ, ಲ್ಯಾಬೂ ಇಲ್ಲ.

ಒಂಟಿತನ ನಿಮಗೆ ಜಾಸ್ತಿ ಕಾಡಬಹುದು. ಬಾಗಿಲು ಹಾಕಿಕೊಂಡು ಕೂರುವ ಅಭ್ಯಾಸ ಬೇಡ. ವಾರಕ್ಕೊಮ್ಮೆ ಬೋರ್ಡ್ ಮುಂದೆ ನಿಂತು ಲೆಕ್ಕ ತೋರಿಸುವ ಒಬ್ಬ ಸ್ನೇಹಿತರನ್ನು ಹುಡುಕಿಕೊಳ್ಳಿ. ಅವರ ವಿಷಯ ಬೇರೆ ಇದ್ದರೂ ಪರವಾಗಿಲ್ಲ.

ಫೆಲೋಶಿಪ್‌ನಲ್ಲಿ ಬದುಕಬಹುದಾ?

2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಸಾಮಾನ್ಯವಾಗಿ ಎರಡು ವರ್ಷದ ಮೇಲೆ ಹಿರಿಯ ಫೆಲೋಶಿಪ್, ಅಂದರೆ ಎಸ್‌ಆರ್‌ಎಫ್ 42,000 ರೂಪಾಯಿ. ಹಾಸ್ಟೆಲ್ ಸಿಕ್ಕರೆ ಆರಾಮ. ಹೊರಗೆ ಕೋರಮಂಗಲದಲ್ಲಿ ಮನೆ ಮಾಡಿದರೆ ಬಾಡಿಗೆ ಭತ್ಯೆ ಬಂದರೂ ಬಿಗಿ. ಹಣ ತಡವಾಗಿ ಬರುವುದೂ ಉಂಟು. ಎರಡು ತಿಂಗಳ ಖರ್ಚು ಕೈಯಲ್ಲಿ ಇರಲಿ. ಮನೆಗೆ ದುಡ್ಡು ಕಳಿಸಬೇಕಾದವರು ಇದನ್ನು ಮೊದಲೇ ಮನೆಯಲ್ಲಿ ಬಿಡಿಸಿ ಹೇಳಿ.

ಗೈಡ್ ಜೊತೆ ಸರಿ ಹೋಗುತ್ತಿಲ್ಲ. ಎಲ್ಲರೂ ಅವರ ಸ್ನೇಹಿತರೇ. ಯಾರ ಹತ್ತಿರ ಹೇಳಲಿ?

ಸಣ್ಣ ಬಳಗದ ದೊಡ್ಡ ತೊಂದರೆಯೇ ಇದು. ಸಮಿತಿಯಲ್ಲಿ ಕೂತವರು ಗೈಡ್‌ನ ಹಳೆಯ ಗೆಳೆಯರು ಅನ್ನುವ ಭಯ ಸುಳ್ಳಲ್ಲ.

ಆದರೂ ದಾರಿಗಳಿವೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು, ಸೆಮಿಸ್ಟರ್‌ಗೆ ಒಮ್ಮೆ ಅದರ ಮುಂದೆ ಪ್ರಗತಿ ಹೇಳಬೇಕು. ಆ ಸಭೆಯನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಕೆಲಸ ಯಾಕೆ ನಿಂತಿದೆ ಅಂತ ಅಲ್ಲಿ ಹೇಳಿದ್ದು ದಾಖಲೆಯಾಗುತ್ತದೆ. ಸಮಿತಿಯಲ್ಲಿ ನಿಮ್ಮ ಮಾತು ಕೇಳುವ ಒಬ್ಬರು ಸಾಮಾನ್ಯವಾಗಿ ಇರುತ್ತಾರೆ. ಅವರನ್ನು ಮೊದಲ ವರ್ಷವೇ ಪರಿಚಯ ಮಾಡಿಕೊಳ್ಳಿ, ತೊಂದರೆ ಬಂದ ಮೇಲಲ್ಲ. ಗೈಡ್ ಬದಲಿಸುವುದು ಸಾಧ್ಯ. ಬೇಗ ಮಾಡಿದಷ್ಟೂ ಗಾಯ ಕಡಿಮೆ.

ಲೈಂಗಿಕ ಕಿರುಕುಳ ಆದರೆ ಅದು ಹೊಂದಾಣಿಕೆಯ ವಿಷಯ ಅಲ್ಲವೇ ಅಲ್ಲ. 2013ರ ಕಾನೂನಿನ ಪ್ರಕಾರ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು. ಘಟನೆ ಆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. 'ನಮ್ಮ ನಮ್ಮಲ್ಲೇ ಮುಗಿಸಿಕೊಳ್ಳೋಣ' ಅಂತ ಯಾರಾದರೂ ಹೇಳಿದರೆ ಅವರು ನಿಮ್ಮ ಪರ ಇಲ್ಲ ಅಂತಲೇ ತಿಳಿಯಿರಿ.

ಮನಸ್ಸು ಕುಸಿದಾಗ ಬಳಗದ ಹೊರಗಿನ ಕಿವಿ ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮ್ಹಾನ್ಸ್ ಇದೇ ಊರಿನಲ್ಲಿದೆ.

ಹೊರಗಿನ ಗೆಳೆಯರನ್ನು ಉಳಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ.

ಸಿಗುವಂತೆ ಮಾಡಿಕೊಳ್ಳಿ. ಸಹೋದ್ಯೋಗಿ, ರೂಮ್‌ಮೇಟ್, ಸ್ನೇಹಿತ, ಕೆಲವರಿಗೆ ಸಂಗಾತಿ ಕೂಡ, ಎಲ್ಲ ಒಂದೇ ಕಾರಿಡಾರಿನಲ್ಲಿದ್ದರೆ ಒಂದು ಪೇಪರ್ ತಿರಸ್ಕಾರ ಆದ ದಿನ ಹೋಗಲು ಜಾಗವೇ ಇರುವುದಿಲ್ಲ. ರಂಗಶಂಕರದಲ್ಲಿ ನಾಟಕ, ಕಬ್ಬನ್ ಪಾರ್ಕ್‌ನಲ್ಲಿ ಓಟ, ಸಂಗೀತ ಪಾಠ, ಏನಾದರೂ ಇರಲಿ. ಅಲ್ಲಿ ನಿಮ್ಮ ಥೀಸಿಸ್ ಎಲ್ಲಿಗೆ ಬಂತು ಅಂತ ಯಾರೂ ಕೇಳಬಾರದು.

ಊರಿನಲ್ಲಿ 'ಇನ್ನೂ ಓದು ಮುಗಿದಿಲ್ವಾ' ಅಂತಾರೆ. ಏನು ಹೇಳಲಿ?

'ಕೆಲಸದಲ್ಲಿದ್ದೇನೆ, ಸಂಬಳ ಬರುತ್ತೆ' ಅನ್ನಿ. ಅದು ನಿಜವೂ ಹೌದು. ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು ವರ್ಷ ಸಿಗಬಹುದು. ಐದಾರು ವರ್ಷ ಆಗುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ ಪ್ರತಿ ಹಬ್ಬಕ್ಕೂ ಉತ್ತರ ಹುಡುಕುವ ಕಷ್ಟ ಇಲ್ಲ. ಚಿಕ್ಕಮ್ಮ ಜಾತಕ ತಂದು ಮುಂದಿಟ್ಟರೆ ಅದು ಬೇರೆ ಇಲಾಖೆ ಅಂತ ನಕ್ಕುಬಿಡಿ. ಖಗೋಳದವರಲ್ಲಿ ಇದನ್ನು ಅನುಭವಿಸದವರು ಯಾರೂ ಇಲ್ಲ.

ಪಿಎಚ್‌ಡಿ ಅರ್ಧಕ್ಕೆ ಬಿಟ್ಟರೆ ಬಳಗ ದೂರ ಇಡುತ್ತಾ?

ಕೆಲವರು ಇಡುತ್ತಾರೆ, ಸುಳ್ಳು ಹೇಳುವುದಿಲ್ಲ. ಹೆಚ್ಚಿನವರು ಇಡುವುದಿಲ್ಲ. ಡೇಟಾ ಕಂಪನಿಗಳಿಗೆ, ಕಾಲೇಜು ಪಾಠಕ್ಕೆ, ವಿಜ್ಞಾನ ಬರವಣಿಗೆಗೆ ಹೋದವರು ವರ್ಷಗಳಾದ ಮೇಲೂ ಟೀಗೆ ಬಂದು ಕೂರುವುದನ್ನು ನೋಡಿದ್ದೇನೆ. ಬಿಡುವಾಗ ಡೇಟಾ, ಕೋಡ್ ಎಲ್ಲವನ್ನೂ ಒಪ್ಪವಾಗಿ ಒಪ್ಪಿಸಿ ಹೋಗಿ. ಬಿಟ್ಟದ್ದಕ್ಕಿಂತ ಹೇಗೆ ಬಿಟ್ಟಿರಿ ಅನ್ನುವುದೇ ಜನರಿಗೆ ನೆನಪಿರುತ್ತದೆ.

ಸಂದರ್ಶನಕ್ಕೆ ಬಂದ ದಿನ ಏನು ಗಮನಿಸಬೇಕು?

ಸಂದರ್ಶನ ಮುಗಿದ ತಕ್ಷಣ ಬಸ್ಸು ಹತ್ತಬೇಡಿ. ಕ್ಯಾಂಟೀನ್‌ಗೆ ಹೋಗಿ. ಪ್ರೊಫೆಸರ್‌ಗಳು ಮತ್ತು ವಿದ್ಯಾರ್ಥಿಗಳು ಒಂದೇ ಮೇಜಿನಲ್ಲಿ ಕೂರುತ್ತಾರಾ ನೋಡಿ. ನಾಲ್ಕನೇ ಐದನೇ ವರ್ಷದವರನ್ನು ಹುಡುಕಿ ಮಾತಾಡಿಸಿ, ಮೊದಲ ವರ್ಷದವರು ಇನ್ನೂ ಮದುವೆಮನೆ ಖುಷಿಯಲ್ಲಿರುತ್ತಾರೆ. ನಿಮಗೆ ಇಷ್ಟವಾದ ಗೈಡ್ ಹತ್ತಿರ ಇದುವರೆಗೆ ಎಷ್ಟು ಜನ ಮುಗಿಸಿದ್ದಾರೆ, ಎಷ್ಟು ಜನ ನಡುವೆ ಬಿಟ್ಟಿದ್ದಾರೆ, ಈಗ ಎಲ್ಲಿದ್ದಾರೆ ಅಂತ ನೇರವಾಗಿ ಕೇಳಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಅಂತಲೂ ಕೇಳಿ. ಐಐಎ, ಆರ್‌ಆರ್‌ಐನಂಥ ಕಡೆ ಕೆಲಸ ಇಲ್ಲಿ, ನೋಂದಣಿ ಬೇರೆ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಶುಲ್ಕ, ಫಾರಂ, ಕೊನೆಯ ದಿನಾಂಕಗಳೇ ಬೇರೆ. ಸೀನಿಯರ್‌ ಒಬ್ಬರ ಫೋನ್ ನಂಬರ್ ತೆಗೆದುಕೊಂಡು ಹೊರಡಿ. ಪ್ರವೇಶ ಒಪ್ಪಿಕೊಳ್ಳಲು ಕೊಡುವ ಗಡುವು ಚಿಕ್ಕದು, ಆ ವಾರ ಕೇಳಬೇಕಾದ ಪ್ರಶ್ನೆಗಳು ಇನ್ನೂ ಹುಟ್ಟುತ್ತವೆ.